ತಗ್ಗು ಮುಚ್ಚೋ ಮೊದಲು ಒಂದು ಗೆರೆ ಎಳೀರಿ

ಇವತ್ತು ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ನಮ್ಮ ಓಣಿ ಬಾಯಿಗೆ, ರಾಜ್ಯ ಹೆದ್ದಾರಿ ಅಗಲ ಮಾಡಲಿಕ್ಕೆ ಅಗೆದ ತಗ್ಗಿನ ದಂಡೆ ಮೇಲೆ, ಎಪ್ಪತ್ತು ದಾಟಿದ ತಾತ ಒಬ್ಬರು ಕಬ್ಬಿಣದ ಸಲಾಕೆ ನೆಲಕ್ಕೆ ಊರಿ, ಅದರ ತುದಿಗೆ ಕಿವಿ ಹಚ್ಚಿ ನಿಂತಿದ್ದರು. ಜೆಸಿಬಿ ಬಂದ್ ಮಾಡಿಸಿದ್ದೆವು. ಕೊಡ ಹಿಡಿದು ಬಂದ ಹೆಣ್ಣುಮಕ್ಕಳು ಮಾತು ನಿಲ್ಲಿಸಿದ್ದರು. ತಾತ ಒಂದು ಕಡೆ ಕೇಳಿದರು, ತಲೆ ಅಲ್ಲಾಡಿಸಿದರು. ಎರಡು ಹೆಜ್ಜೆ ಸರಿದು ಮತ್ತೆ ಊರಿದರು, ಕಣ್ಣು ಮುಚ್ಚಿದರು. ಆಮೇಲೆ ಚಪ್ಪಲಿ ಕಾಲಿನಿಂದ ಮಣ್ಣಿನ ಮೇಲೆ ಒಂದು ಗೆರೆ ಎಳೆದು, "ಇಲ್ಲೇ ಅದ ನೋಡ್ರಿ. ಎಂಟು ಇಂಚಿಂದು. ನೀರು ಹರೀಲಿಕತ್ತದ" ಅಂದರು.

ಕೈಯಿಂದ ಅಗೆದರು. ಸೊಂಟದ ಆಳಕ್ಕೆ ಹೋಗುವಷ್ಟರಲ್ಲಿ ಪೈಪಿನ ಬೂದು ಬೆನ್ನು ಕಂಡಿತು. ತಾತ ಎಳೆದ ಗೆರೆಯ ಕೆಳಗೇ ಇತ್ತು, ಒಂದು ಗೇಣೂ ಆಚೀಚೆ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಖುಷಿಗೂ ಬಂತು, ಸಿಟ್ಟಿಗೂ ಬಂತು.

ಆ ತಾತ ನಮ್ಮ ಭಾಗದಲ್ಲಿ ವಾಲ್‌ಮನ್, ಅಂದರೆ ವಾಲ್ವು ತಿರುಗಿಸಿ ನೀರು ಬಿಡುವ ಕೆಲಸದಲ್ಲಿ ಇದ್ದವರು. ನಿವೃತ್ತರಾಗಿ ಹದಿಮೂರು ವರ್ಷ ಆಗಿದೆ. ಮಗಳ ಮನೆಯಲ್ಲಿ ಮಲಗಿದ್ದವರನ್ನು ನಮ್ಮ ಓಣಿ ಹುಡುಗರು ಗಾಡಿ ಮೇಲೆ ಕೂರಿಸಿಕೊಂಡು ಬಂದರು. ಹಿಂದಿನ ಎರಡು ದಿನ ಅದೇ ಪೈಪು ಹುಡುಕಲು ಆರು ಕಡೆ ತಗ್ಗು ತೋಡಿದ್ದರು. ಆರೂ ಖಾಲಿ. ರಸ್ತೆ ಅಗಲ ಆಗೋದರಿಂದ ನೀರಿನ ಪೈಪನ್ನು ಬದಿಗೆ ಸರಿಸಿ ಹೊಸ ಲೈನು ಹಾಕುತ್ತಿದ್ದಾರೆ. ಹಳೇ ಲೈನು ಸಿಗದಿದ್ದರೆ ಹೊಸ ಲೈನಿಗೆ ಜೋಡಣೆ ಆಗಲ್ಲ, ಜೋಡಣೆ ಆಗದೆ ನಳ ಬರಲ್ಲ. ಇವತ್ತಿಗೆ ನಳ ಬಂದು ಹನ್ನೊಂದು ದಿನ.

ಅಂದರೆ ನಮ್ಮ ಓಣಿಯ ಕುಡಿಯುವ ನೀರಿನ ನಕ್ಷೆ ಇರುವುದು ಒಬ್ಬ ಮುದುಕರ ತಲೆಯಲ್ಲಿ. ಅವರಿಗೆ ಮೊನ್ನೆ ಜ್ವರ ಬಂದಿತ್ತಂತೆ. ಈ ಮಾತು ಕೇಳಿದಾಗಿನಿಂದ ನನ್ನ ಎದೆ ಡವಗುಟ್ಟುತ್ತಿದೆ.

ನಾನು ಸರ್ವೆ ಕೆಲಸದಲ್ಲಿ ಟೇಪು, ಲೆವೆಲ್ಲು ಹಿಡಿದೇ ಬದುಕಿದವ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಹಾಗಾಗಿ ಮೊದಲ ದಿನವೇ ಸೈಟಿನ ಹುಡುಗನ ಹತ್ತಿರ ಹೋಗಿ, "ತಮ್ಮಾ, ಡ್ರಾಯಿಂಗ್ ತೋರಿಸು" ಅಂದೆ. ಪಾಪ, ಮರ್ಯಾದಸ್ಥ ಹುಡುಗ, ಮೊಬೈಲ್ ತೆಗೆದು ತೋರಿಸಿದ. ರಸ್ತೆಯ ನಡುಗೆರೆ ಇದೆ. ಚರಂಡಿ ಎಷ್ಟು ಅಗಲ, ಎಷ್ಟು ಆಳ, ಎಲ್ಲಿ ತಿರುವು, ಎಲ್ಲಾ ಇದೆ. ಡಿವೈಡರಿನಲ್ಲಿ ನೆಡುವ ದೀಪದ ಕಂಬಕ್ಕೂ ನಂಬರ್ ಇದೆ. ನೀರಿನ ಪೈಪಿಗೆ ಒಂದು ನೀಲಿ ಚುಕ್ಕಿ ಗೆರೆ, ಪಕ್ಕದಲ್ಲಿ 'ಅಂದಾಜು' ಅಂತ ಒಂದು ಪದ. ಅಷ್ಟೇ. ಆ ನೀಲಿ ಗೆರೆ ಇರೋದು ರಸ್ತೆಯ ಎಡಕ್ಕೆ. ಇವತ್ತು ಪೈಪು ಸಿಕ್ಕಿದ್ದು ಬಲಕ್ಕೆ!

ರಸ್ತೆಯವರನ್ನು ಕೇಳಿದರೆ "ನೀರಿನವರು ಕೊಟ್ಟ ಮಾಹಿತಿ ಸರ್" ಅಂತಾರೆ. ನೀರಿನವರನ್ನು ಕೇಳಿದರೆ "ಹಳೇ ಲೈನು ಸರ್, ನಮಗಿಂತ ಮೊದಲಿನವರು ಹಾಕಿದ್ದು" ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನನ್ನ ಹೊಟ್ಟೆ ಉರಿಯೋದು ಅದಕ್ಕೇ. ದುಡ್ಡು ಕಟ್ಟಿಸಿಕೊಂಡು ಎಸ್ಟಿಮೇಟ್ ಮಾಡಿದ್ದಾರೆ, ಎಷ್ಟು ಮೀಟರ್ ಪೈಪು, ಎಷ್ಟು ವಾಲ್ವು ಅಂತ ಬರೆದಿದ್ದಾರೆ. ಹಳೇ ಪೈಪು ಎಲ್ಲಿದೆ ಅಂತ ಗೊತ್ತಿಲ್ಲದೆ ಅದನ್ನು ಸ್ಥಳಾಂತರ ಮಾಡಲು ಹೊರಟರೆ ಇನ್ನೇನಾದೀತು?

ನಮ್ಮೂರು ರಾಯಚೂರು. ಬಸ್‌ಸ್ಟ್ಯಾಂಡ್ ಕಡೆಯಿಂದ ಹೋಗುವಾಗ ಕೋಟೆ ಗೋಡೆ ನೋಡಿದ್ದೀರಲ್ಲ, ಅದರಲ್ಲಿ 1294ರ ಶಾಸನ ಇರುವ ಒಂದು ಕಲ್ಲಿದೆ. ನಲವತ್ತೊಂದು ಅಡಿಗಿಂತ ಹೆಚ್ಚು ಉದ್ದ, ಒಂದೇ ಕಲ್ಲು. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಅಂತ ನಾವು ತಲೆ ಕೆರೆದುಕೊಳ್ಳಬೇಕಿಲ್ಲ. ತಂದವರೇ ಪಕ್ಕದಲ್ಲಿ ಚಿತ್ರ ಕೊರೆದು ಇಟ್ಟಿದ್ದಾರೆ. ಗಟ್ಟಿ ಗಾಲಿಯ ಬಂಡಿ, ಮುಂದೆ ಕೋಣಗಳ ಉದ್ದನೆಯ ಸಾಲು, ನಡುನಡುವೆ ಹೊಡೆಯುವವರು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ನಾನು ಸಣ್ಣವನಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಏಳುನೂರು ವರ್ಷದ ಹಿಂದೆ ಕಲ್ಲು ಎಳೆದವರಿಗೆ, ಮಾಡಿದ ಕೆಲಸವನ್ನು ಮುಂದಿನವರಿಗೆ ತೋರಿಸಬೇಕು ಅನ್ನೋ ಬುದ್ಧಿ ಇತ್ತು. ಮೂವತ್ತು ವರ್ಷದ ಹಿಂದೆ ಪೈಪು ಹೂತವರು ಒಂದು ಕಾಗದ ಬಿಟ್ಟು ಹೋಗಿಲ್ಲ.

ನಮ್ಮ ಕಡೆ ಹಳೇ ಲೈನು ಬಹಳಷ್ಟು ಎಸಿ ಪೈಪು, ಅಂದರೆ ಕಲ್ನಾರು ಸಿಮೆಂಟಿನದು. ಕಬ್ಬಿಣದ ಪೈಪು ಆಗಿದ್ದರೆ ಲೋಹ ಹುಡುಕುವ ಯಂತ್ರ ಹಿಡಿದು ಪತ್ತೆ ಮಾಡಬಹುದು. ಎಸಿ ಪೈಪಿಗೂ ಪಿವಿಸಿಗೂ ಆ ಯಂತ್ರ ಸದ್ದು ಮಾಡಲ್ಲ. ಜೆಸಿಬಿ ಹಲ್ಲು ಸ್ವಲ್ಪ ತಾಗಿದರೆ ಸಾಕು, ಗಡಿಗೆ ಒಡೆದಂಗೆ ಒಡೆಯುತ್ತದೆ. ಹನ್ನೊಂದು ದಿನದ ಹಿಂದೆ ಆದದ್ದೂ ಅದೇ. ಡ್ರೈವರ್ ಹುಡುಗನ ತಪ್ಪು ಒಂದಿಷ್ಟೂ ಇಲ್ಲ, ಅವನಿಗೆ ಎಡಕ್ಕೆ ಲೈನು ಅಂತ ಹೇಳಿದ್ದರು, ಅವನು ಬಲಕ್ಕೆ ಬಕೆಟ್ ಹಾಕಿದ. ನೀರು ಆಳೆತ್ತರ ಚಿಮ್ಮಿತು. ಮುಖ್ಯ ವಾಲ್ವು ಬಂದ್ ಮಾಡುವಷ್ಟರಲ್ಲಿ ಮೂರು ತಾಸು ಹೋಯಿತು.

ಆ ಮೂರು ತಾಸಿನ ಕತೆಗೆ ಆಮೇಲೆ ಬರ್ತೀನಿ. ಅದರಲ್ಲಿ ನನ್ನದೂ ಪಾಲಿದೆ.

"ಸರ್, ರಸ್ತೆ ಅಗಲ ಆಗಬೇಕು ಅಂತ ಹತ್ತು ವರ್ಷ ಕೂಗಿದವರು ನೀವೇ, ಈಗ ನಾಲ್ಕು ದಿನ ನೀರಿಲ್ಲ ಅಂದರೆ ಸಹಿಸಬೇಕಲ್ಲ" ಅಂತ ನಿನ್ನೆ ಒಬ್ಬ ಗೆಳೆಯ ಹೇಳಿದ. ಹೌದು, ಕೂಗಿದ್ದೀನಿ. ಅದೇ ರಸ್ತೆಯಲ್ಲಿ ಭತ್ತದ ಲಾರಿ ಬಡಿದು ಬಿದ್ದವರನ್ನು ನಾನೇ ಆಟೋಕ್ಕೆ ಹಾಕಿ ಕಳಿಸಿದ್ದೀನಿ. ರಸ್ತೆ ಬೇಕೇ ಬೇಕು. ಪೈಪು ಡಾಂಬರಿನ ಕೆಳಗಿಂದ ಬದಿಗೆ ಬರಬೇಕು ಅನ್ನೋದೂ ಸರಿಯೇ. ಲಾರಿ ಓಡಾಡುವ ಕಡೆ ಪೈಪು ಇದ್ದರೆ ನಾಳೆ ಒಡೆದಾಗ ಹೊಸ ರಸ್ತೆಯನ್ನೇ ಅಗೆಯಬೇಕಾಗುತ್ತದೆ. ಆದರೆ ನಾಲ್ಕು ದಿನದ ತೊಂದರೆ ಹನ್ನೊಂದು ದಿನ ಆದದ್ದು ರಸ್ತೆಯಿಂದಲ್ಲ ತಮ್ಮಾ, ನಕ್ಷೆ ಇಲ್ಲದ್ದರಿಂದ. ನಿನ್ನ ಮನೆ ಎರಡನೇ ಮಹಡಿಯಲ್ಲಿ, ಬೋರು ಇದೆ, ಮೋಟಾರು ಹಾಕಿದರೆ ನೀರು. ನಮ್ಮ ಎದುರು ಮನೆಯಲ್ಲಿ ಹದಿನೆಂಟು ದಿನದ ಬಾಣಂತಿ ಇದ್ದಾಳೆ. ಅವಳ ತಾಯಿ ಟ್ಯಾಂಕರ್ ಹಿಂದೆ ಓಡಿ ಎರಡು ಕೊಡ ತಂದು, ಮೊದಲ ಕೊಡ ಕೂಸಿಗೆ ಎತ್ತಿಟ್ಟು, ಎರಡನೇ ಕೊಡದಲ್ಲಿ ಉಳಿದ ಐದು ಜನರ ದಿನ ದೂಡುತ್ತಾರೆ. ಅವರ ಮುಂದೆ ನಿಂತು ಸಹಿಸಿರಿ ಅಂತ ಹೇಳಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ.

ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ. ಎರಡು ಹೊಳೆ ನಡುವೆ ಕುಳಿತ ಊರಿನಲ್ಲಿ ಕೊಡ ಹಿಡಿದು ಓಡುವುದನ್ನು ನೋಡಿದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇನ್ನೊಂದು ಭಯ ಇದೆ, ಅದನ್ನು ಹೇಳದೆ ಇರಲಾರೆ. ನಮ್ಮಲ್ಲಿ ಇಪ್ಪತ್ನಾಲ್ಕು ತಾಸು ನೀರು ಬರಲ್ಲ, ಬಿಟ್ಟು ಬಿಟ್ಟು ಬರುತ್ತದೆ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಆಗ ಸೀಳಿದ ಜಾಯಿಂಟ್ ಸುತ್ತ ಏನು ನಿಂತಿದೆಯೋ ಅದನ್ನು ಪೈಪು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ತಗ್ಗಿನಲ್ಲಿ ಈಗ ನಿಂತಿರುವುದು ಒಡೆದ ಚರಂಡಿಯ ನೀರು. 2022ರ ಮೇ ಕೊನೆ, ಜೂನ್ ಮೊದಲ ವಾರ ಈ ಊರು ಮರೆತಿಲ್ಲ ಅಂದುಕೊಂಡಿದ್ದೀನಿ. ಕಲುಷಿತ ನೀರು ಕುಡಿದು ವಾಂತಿ, ಭೇದಿ ಅಂತ ಎಷ್ಟೋ ಜನ ಆಸ್ಪತ್ರೆ ಸೇರಿದರು, ಕೆಲವರು ವಾಪಸ್ ಬರಲೇ ಇಲ್ಲ. ನಮ್ಮ ಅವ್ವ ಆಗ ನಾಲ್ಕು ದಿನ ಸಲೈನ್ ಮೇಲೆ ಇದ್ದಳು. ಅವ್ವನ ಕೈ ಹಿಡಿದು ಕುಳಿತವನಿಗೆ ಪೈಪು ಅನ್ನೋದು ಬರೀ ಪೈಪಾಗಿ ಕಾಣಲ್ಲ.

ಹಾಗಾಗಿ ಹೊಸ ಲೈನು ಜೋಡಿಸಿದ ತಕ್ಷಣ ಮನೆಗೆ ನೀರು ಬಿಡಬೇಡಿ ಅಂತ ಇವತ್ತು ಸೈಟಿನಲ್ಲಿ ಜಗಳ ಮಾಡಿದೆ. ಮೊದಲು ಒತ್ತಡ ಹಾಕಿ ಪರೀಕ್ಷೆ, ಆಮೇಲೆ ಒಳಗಿನ ಮಣ್ಣೆಲ್ಲ ಹೋಗುವ ತನಕ ತೊಳೆಯುವುದು, ಆಮೇಲೆ ಕ್ಲೋರಿನ್ ಹಾಕಿ ನಿಲ್ಲಿಸಿ ಮತ್ತೆ ತೊಳೆಯುವುದು. ಇದು ಕ್ರಮ. ನಳದ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು ಅಂತ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುತ್ತದೆ. ಒಪ್ಪಿಕೊಂಡಿದ್ದಾರೆ. ಮುಗಿಯುವ ತನಕ ನಾನಲ್ಲೇ ನಿಂತಿರ್ತೀನಿ.

ಈಗ ಆ ಮೂರು ತಾಸು. ನಮ್ಮ ಭಾಗಕ್ಕೆ ನೀರು ಬಂದ್ ಮಾಡುವ ವಾಲ್ವು ಇದ್ದದ್ದು ನಮ್ಮ ಮನೆ ಮುಂದೆಯೇ. 2009ರಲ್ಲಿ ಮನೆ ರಿಪೇರಿ ಮಾಡಿಸುವಾಗ ಅಪ್ಪ ಬಾಗಿಲ ಮುಂದೆ ಕಟ್ಟೆ ಕಟ್ಟಿಸಿದರು, ಶಹಾಬಾದ್ ಕಲ್ಲು ಹಾಕಿಸಿದರು. ವಾಲ್ವಿನ ಛೇಂಬರ್ ಆ ಕಟ್ಟೆ ಕೆಳಗೆ ಹೋಯಿತು. ನನಗೆ ಗೊತ್ತಿತ್ತು. ಸರ್ವೆ ಮಾಡಿ ಅನ್ನ ತಿಂದವನಿಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಅಪ್ಪನ ಎದುರು ಮಾತಾಡಲಿಲ್ಲ, ಆಮೇಲೆ ಮರೆತುಬಿಟ್ಟೆ. ಅವತ್ತು ನೀರು ಚಿಮ್ಮುತ್ತಿದ್ದಾಗ ವಾಲ್ವು ಎಲ್ಲಿ, ವಾಲ್ವು ಎಲ್ಲಿ ಅಂತ ಜನ ಓಡಾಡುತ್ತಿದ್ದರು. ನನಗೆ ನೆನಪಾದದ್ದು ಎರಡೂವರೆ ತಾಸಿನ ಮೇಲೆ. ನಾನೇ ಸುತ್ತಿಗೆ ತಂದು ಅಪ್ಪ ಹಾಕಿಸಿದ ಕಲ್ಲು ಒಡೆದೆ. ಅಷ್ಟೊತ್ತು ಹರಿದುಹೋದ ನೀರಿಗೆ ನಾನೂ ಜವಾಬ್ದಾರ. ಇದನ್ನು ಬರೆಯದೆ ಬೇರೆಯವರನ್ನು ಬೈಯಲು ನನಗೆ ಹಕ್ಕಿಲ್ಲ ಅನ್ನಿಸಿತು. ನಿಮ್ಮ ಮನೆ ಮುಂದೆಯೂ ಕಟ್ಟೆ ಕೆಳಗೆ ಏನಾದರೂ ಹೋಗಿದ್ದರೆ ಇವತ್ತೇ ಹೇಳಿ.

ಇಷ್ಟೆಲ್ಲ ಆದ ಮೇಲೆ, ಮಧ್ಯಾಹ್ನ ನಾನು ಕಂಡದ್ದು ನನ್ನನ್ನು ಇದನ್ನು ಬರೆಯಲು ಕೂರಿಸಿತು. ಹೊಸ ಎಚ್‌ಡಿಪಿಇ ಪೈಪು ಇಳಿಸಿದರು. ಮರಳು ಹಾಸಿದರು, ಕೆಲಸ ಚೆನ್ನಾಗಿಯೇ ಮಾಡಿದರು. ಜೆಸಿಬಿ ಬಂತು, ಮಣ್ಣು ತಳ್ಳಲು ಶುರು ಮಾಡಿತು. ಟೇಪು ಹಿಡಿದವರು ಒಬ್ಬರೂ ಇಲ್ಲ. "ಅಳತೆ ಎಲ್ಲಿ ಬರೆದಿರಿ?" ಅಂದೆ. "ಬಿಲ್ಲಿಗೆ ಉದ್ದ ಬರೆದೀವಿ ಸರ್ರ" ಅಂದರು. ಉದ್ದ ಬರೆದರೆ ದುಡ್ಡು ಬರುತ್ತದೆ, ಪೈಪು ಎಲ್ಲಿದೆ ಅಂತ ತಿಳಿಯಲ್ಲ. ಎಚ್‌ಡಿಪಿಇ ಕೂಡ ಪ್ಲಾಸ್ಟಿಕ್, ನಾಳೆ ಯಾವ ಲೋಹದ ಯಂತ್ರಕ್ಕೂ ಕಾಣಲ್ಲ. ಮೇಲೊಂದು ತಾಮ್ರದ ತಂತಿಯೋ ಎಚ್ಚರಿಕೆಯ ಪಟ್ಟಿಯೋ ಹಾಕಿದ್ದಾರೆಯೇ ಅಂತ ನೋಡಿದೆ, ಇಲ್ಲ. ಹಳಬರು ಮಾಡಿದ ತಪ್ಪನ್ನೇ ನನ್ನ ಕಣ್ಣೆದುರು ಮತ್ತೆ ಮಣ್ಣಲ್ಲಿ ಮುಚ್ಚುತ್ತಿದ್ದರು.

ನಿಯಮ ಇಲ್ಲವೇ? ಇದೆ. ನಗರದ ರಸ್ತೆಯಲ್ಲಿ ನೀರು, ಒಳಚರಂಡಿ, ಕೇಬಲ್ಲು ಎಲ್ಲೆಲ್ಲಿ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 98 ಅನ್ನೋ ಮಾರ್ಗಸೂಚಿಯೇ ಇದೆ. ಅಗೆಯುವ ಮೊದಲು ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅಂತ ಆ್ಯಪ್ ಬಿಟ್ಟಿತು. ಒಳ್ಳೆಯದೇ. ಆದರೆ ಆ ಆ್ಯಪ್ ಪೈಪಿನ ಯಜಮಾನನನ್ನು ಕೇಳುತ್ತದೆ. ಯಜಮಾನನಿಗೇ ಗೊತ್ತಿಲ್ಲದಿದ್ದರೆ ಉತ್ತರ ಎಲ್ಲಿಂದ ಬರಬೇಕು?

ಜೆಸಿಬಿ ಮುಂದೆ ಹೋಗಿ ನಿಂತೆ. ಅರ್ಧ ತಾಸು ಕೊಡಿ ಅಂದೆ. ತಾತ ಇನ್ನೂ ಅಲ್ಲೇ ಗುಡಿ ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಕುಳಿತಿದ್ದರು, ಎದ್ದು ಬಂದರು. ಪಿಯುಸಿ ಓದುವ ನಮ್ಮ ಅಣ್ಣನ ಮಗಳು ನೋಟ್‌ಬುಕ್ ತಂದಳು. ನಮ್ಮ ಕಾಂಪೌಂಡಿನ ಮೂಲೆಯಿಂದ ಪೈಪಿಗೆ ಎಷ್ಟು, ಕರೆಂಟ್ ಕಂಬದಿಂದ ಎಷ್ಟು, ಆಳ ಎಷ್ಟು, ಮೊದಲ ವಾಲ್ವು ಎಲ್ಲಿ, ತಿರುವು ಎಲ್ಲಿ, ಪ್ರತಿ ಮನೆಯ ಕನೆಕ್ಷನ್ ಎಲ್ಲಿ. ಎರಡು ಗಟ್ಟಿ ಗುರುತಿನಿಂದ ಎರಡು ಅಳತೆ ಇದ್ದರೆ ಯಾವ ಕಾಲಕ್ಕೂ ಜಾಗ ಸಿಗುತ್ತದೆ. ಟೇಪು ಕಾಣುವ ಹಾಗೆ ಫೋಟೋ ತೆಗೆದೆವು. ಸೈಟಿನ ಹುಡುಗ ತಾನೇ ಬಂದು ಟೇಪಿನ ಇನ್ನೊಂದು ತುದಿ ಹಿಡಿದ. ಇಪ್ಪತ್ತೈದು ನಿಮಿಷದಲ್ಲಿ ನೂರಾ ಹತ್ತು ಮೀಟರ್ ಮುಗಿಯಿತು. ತಾತ ನೋಟ್‌ಬುಕ್ ಇಸಕೊಂಡು, ಕನ್ನಡಕ ಏರಿಸಿ, ಹಳೇ ಲೈನಿನ ಎರಡು ಕವಲು ತಾವೇ ಪೆನ್ನಿಂದ ಎಳೆದರು. "ಇವು ಬಂದ್ ಅದಾವ, ಆದ್ರ ತುದಿ ಮುಚ್ಚಿಲ್ಲ, ಮುಚ್ಚಿಸ್ರಿ" ಅಂದರು. ಆ ಎರಡು ತೆರೆದ ತುದಿಗಳ ವಿಚಾರ ಇವತ್ತಿನ ತನಕ ಯಾರಿಗೂ ಗೊತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಎಂಟಕ್ಕೆ ಗುಡಿಯಿಂದ ಮುಂದಿನ ತಗ್ಗು ಮುಚ್ಚುತ್ತಾರೆ. ಆ ಸಾಲಿನ ಮನೆಯವರು ಆರೂವರೆಗೆ ಹೊರಗೆ ಬನ್ನಿ. ಟೇಪು ನಾನು ತರ್ತೀನಿ. ತಾತನ್ನ ಕರಕೊಂಡು ಬರಲಿಕ್ಕೆ ಒಂದು ಗಾಡಿ ಬೇಕು, ಯಾರ ಹತ್ತಿರ ಪೆಟ್ರೋಲ್ ಇದೆಯೋ ಈಗಲೇ ತಿಳಿಸಿ.