ಸತ್ಯಾಂಶ: ನೆವಾಡಾದಲ್ಲಿ ನೋಟಾ ಗೆದ್ದರೆ ಮರುಚುನಾವಣೆಯಾ?

‘ಅಮೆರಿಕದಲ್ಲಿ ನೋಟಾ ಗೆದ್ದಿತು, ಟ್ರಂಪ್, ಹೇಲಿ ಇಬ್ಬರನ್ನೂ ಜನ ತಿರಸ್ಕರಿಸಿದರು, ಇನ್ನು ಮರುಚುನಾವಣೆ’ ಅಂತ ಒಂದು ಫಾರ್ವರ್ಡ್ ಬಂದಿದ್ದರೆ, ಅದರಲ್ಲಿ ಅರ್ಧ ಮಾತ್ರ ನಿಜ.

2024ರ ಫೆಬ್ರವರಿ 6ರಂದು ಅಮೆರಿಕದ ನೆವಾಡಾ ರಾಜ್ಯದ ರಿಪಬ್ಲಿಕನ್ ಪ್ರೈಮರಿಯಲ್ಲಿ (ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ನಡೆಯುವ ಮತದಾನ) ‘ಇವರಲ್ಲಿ ಯಾರೂ ಅಲ್ಲ’ ಅನ್ನುವ ಆಯ್ಕೆಗೆ ಸುಮಾರು ಶೇ 63 ಮತ ಬಿತ್ತು, ಪಕ್ಷದೊಳಗೆ ಟ್ರಂಪ್‌ಗೆ ಎದುರಾಳಿಯಾಗಿದ್ದ ನಿಕ್ಕಿ ಹೇಲಿಗೆ ಶೇ 30ರಷ್ಟು. ಮುಜುಗರವೇ, ಬಿಡಿ. ಆದರೆ ಟ್ರಂಪ್ ಹೆಸರು ಆ ಮತಪತ್ರದಲ್ಲಿ ಇರಲೇ ಇಲ್ಲ! ರಾಜ್ಯದ ಕಾನೂನಿನಂತೆ ಪ್ರೈಮರಿ ನಡೆಯಿತು, ಪಕ್ಷ ಮಾತ್ರ ಎರಡು ದಿನ ಬಿಟ್ಟು ತನ್ನದೇ ಕಾಕಸ್ (ಪಕ್ಷದವರೇ ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವುದು) ನಡೆಸಿ, ಪ್ರೈಮರಿಗೆ ನಿಂತವರು ಇದರಲ್ಲಿ ಸ್ಪರ್ಧಿಸುವಂತಿಲ್ಲ ಅಂದಿತು. ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ, ನೆವಾಡಾದ ಪಾಲಿನ 26 ಪ್ರತಿನಿಧಿಗಳೂ ಕಾಕಸ್‌ನಲ್ಲಿ ಟ್ರಂಪ್‌ಗೇ ಹೋದರು. ಪ್ರೈಮರಿಯಿಂದ ಸಿಕ್ಕಿದ್ದು ಸೊನ್ನೆ.

ಮರುಚುನಾವಣೆಯ ಮಾತು ಸುಮ್ನೆ ಕಟ್ಟಿದ್ದು. 1975ರಿಂದ ಅಲ್ಲಿ ಈ ಆಯ್ಕೆ ಇದೆ. ಅದಕ್ಕೆ ಎಷ್ಟೇ ಜಾಸ್ತಿ ಮತ ಬಂದರೂ, ಅಭ್ಯರ್ಥಿಗಳಲ್ಲಿ ಮುಂದಿರುವವರೇ ಕಾನೂನಿನ ಪ್ರಕಾರ ವಿಜೇತರು. ನಮ್ಮ ಲೋಕಸಭೆ ಚುನಾವಣೆಯ ನೋಟಾ ಕೂಡ ಹಾಗೇ ಅಲ್ವಾ?