ಒಂದು ಸಣ್ಣ ಬ್ರೇಕ್ ನಂತರ ಬ್ರೇಕ್ ಫೇಲ್

ಟಿವಿಯಲ್ಲಿ ಹಳೇ ಕಾರೊಂದು ರಿಪೇರಿ ಆಗಬೇಕಾದರೆ ಸ್ಪ್ಯಾನರ್ ಇಲ್ಲದಿದ್ದರೂ ನಡೆಯುತ್ತದೆ, ಗಡಿಯಾರ ಮಾತ್ರ ಇರಲೇಬೇಕು. ಜೊತೆಗೆ ಕೂಗಾಡುವ ಒಬ್ಬ ಓನರ್. ಗ್ಯಾರೇಜಿನ ಶಟರ್ ಮೇಲೇರುತ್ತದೆ. ಓನರ್ ಒಳಗೆ ಬಂದು ಸೊಂಟದ ಮೇಲೆ ಕೈ ಇಟ್ಟು ಅಪ್ಪಣೆ ಕೊಡುತ್ತಾನೆ: ಶುಕ್ರವಾರ ಸಂಜೆಯೊಳಗೆ ಗಾಡಿ ರೆಡಿ ಆಗಬೇಕು. ಯಾಕೆ ಶುಕ್ರವಾರ? ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕಾರಿಗೆ ಇದ್ದಕ್ಕಿದ್ದಂತೆ ಶುಕ್ರವಾರ ಯಾರ ಮದುವೆಗೆ ಹೋಗಬೇಕಿದೆಯೋ ದೇವರಿಗೇ ಗೊತ್ತು.

ಗುರುವಾರ ರಾತ್ರಿ ಒಂದು ಪಾರ್ಟ್ ಸಿಗುವುದಿಲ್ಲ. ಸಿಗಲೇಬಾರದು. ಮೆಕ್ಯಾನಿಕ್ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ, ಓನರ್ ಫೋನ್ ಎಸೆಯುತ್ತಾನೆ, ಹಿಂದಿನಿಂದ ಡ್ರಮ್ ಬಡಿಯುತ್ತದೆ. ಬ್ರೇಕ್. ಸೋಪು, ಟೂತ್‌ಪೇಸ್ಟ್, ಗೃಹಸಾಲದ ಜಾಹೀರಾತು ಮುಗಿಸಿ ವಾಪಸ್ ಬಂದರೆ ಪಾರ್ಟ್ ಬಂದಿದೆ, ಕೂತಿದೆ, ಎಂಜಿನ್ ಗುಡುಗುತ್ತಿದೆ! ಜಾಹೀರಾತಿನ ಹೊತ್ತಿನಲ್ಲಿ ರಿಪೇರಿಯಾದಷ್ಟು ಗಾಡಿಗಳು ಜಗತ್ತಿನ ಯಾವ ವರ್ಕ್‌ಶಾಪಿನಲ್ಲೂ ರಿಪೇರಿಯಾಗಿಲ್ಲ.

2004ರಲ್ಲಿ ಅಮೆರಿಕದಲ್ಲಿ ಶುರುವಾದ ‘ಓವರ್‌ಹಾಲಿನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನೆಯವರ ಜೊತೆ ಒಳಗೊಳಗೇ ಮಾತಾಡಿಕೊಂಡು, ಮಾಲೀಕನಿಗೆ ಗೊತ್ತಾಗದ ಹಾಗೆ ಅವನ ಕಾರನ್ನೇ ಎತ್ತಿಕೊಂಡು ಹೋಗುವುದು. ಅವನು ಗಾಡಿ ಕಳೆದುಹೋಯಿತೆಂದು ಒದ್ದಾಡಬೇಕು, ಕ್ಯಾಮೆರಾ ಅದನ್ನು ಹಿಡಿಯಬೇಕು. ಒಂದು ವಾರವಾದ ಮೇಲೆ ಫಳಫಳ ಹೊಳೆಯುವ ಕಾರನ್ನು ಮುಂದೆ ತಂದು ನಿಲ್ಲಿಸುತ್ತಾರೆ, ಅವನು ಗೊಳೋ ಎಂದು ಅಳುತ್ತಾನೆ. ಆ ಅಳು ಸಂತೋಷದ್ದೋ, ವಾರವಿಡೀ ನುಂಗಿಕೊಂಡ ಸಿಟ್ಟಿನದ್ದೋ, ಅದನ್ನು ನಿರ್ಧರಿಸುವವರು ಹಿನ್ನೆಲೆ ಸಂಗೀತದವರು. ಹಾಗಂತ ಅದರ ಡಿಸೈನರ್ ಚಿಪ್ ಫೂಸ್ ಸಾಮಾನ್ಯ ಮನುಷ್ಯನಲ್ಲ, ಕೈಯಲ್ಲಿ ನಿಜವಾದ ಕಲೆ ಇರುವವನು. ಅಂಥವನ ಕೆಲಸ ನೋಡಬೇಕೆಂದರೂ ಮೊದಲು ಒಂದು ಕಳ್ಳತನ ನೋಡಬೇಕು.

ಎಂಟಿವಿಯ ‘ಪಿಂಪ್ ಮೈ ರೈಡ್’ ಬಂದದ್ದೂ ಅದೇ 2004ರಲ್ಲಿ. ಬಾಗಿಲು ಹಾಕಿದರೆ ಬಂಪರ್ ಬೀಳುವಂಥ ಕಾರಿನ ಹುಡುಗರ ಮನೆಗೆ ರ‍್ಯಾಪರ್ ಎಕ್ಸಿಬಿಟ್ ಬರುತ್ತಿದ್ದ. ಗಾಡಿ ನೋಡಿ ಬಿದ್ದು ಬಿದ್ದು ನಗುತ್ತಿದ್ದ, ಗ್ಯಾರೇಜಿಗೆ ತಳ್ಳಿಸಿಕೊಂಡು ಹೋಗುತ್ತಿದ್ದ. ಹೊರಗೆ ಬರುವಾಗ ಅದರಲ್ಲಿ ಟಿವಿ, ಇನ್ನೊಂದು ಟಿವಿ, ಆ ಟಿವಿ ಹಿಂದೆ ಮತ್ತೊಂದು ಟಿವಿ. ಒಬ್ಬನ ಕಾರಿನ ಡಿಕ್ಕಿಯಲ್ಲಿ ಬಾಂಬೆ ಮಿಠಾಯಿ ಮಾಡುವ ಯಂತ್ರ ಕೂರಿಸಿದ್ದರು. ಮುಚ್ಚಳ ಇರಲಿಲ್ಲವಂತೆ, ಸಕ್ಕರೆ ನೂಲು ಎಲ್ಲೆಂದರಲ್ಲಿ ಹಾರಾಡುತ್ತಿತ್ತಂತೆ. ಇದನ್ನೆಲ್ಲ 2015ರಲ್ಲಿ ಅಮೆರಿಕದ ಸುದ್ದಿತಾಣವೊಂದಕ್ಕೆ ಹೇಳಿದವರು ಆ ಕಾರುಗಳ ಮಾಲೀಕರೇ. ಇನ್ನೊಬ್ಬನ ಕಾರಿಗೆ ಶಾಂಪೇನ್ ಬಾಟಲಿ ಮೇಲೇರಿ ಬರುವ ಏರ್ಪಾಡು ಮಾಡಿ, ಶೂಟಿಂಗ್ ಮುಗಿದ ಮೇಲೆ ಬಿಚ್ಚಿಕೊಂಡು ಹೋದರಂತೆ. ಕುಡಿದು ಓಡಿಸುವುದಕ್ಕೆ ಪ್ರೋತ್ಸಾಹ ಕೊಟ್ಟ ಹಾಗೆ ಆಗುತ್ತದಲ್ಲ! ಕ್ಯಾಮೆರಾ ಮುಂದೆ ಕೊಟ್ಟ ಪ್ರೋತ್ಸಾಹ ಲೆಕ್ಕಕ್ಕಿಲ್ಲ, ಬಿಡಿ. ಗಾಡಿ ನೆಟ್ಟಗೆ ಓಡುವುದಕ್ಕೆ ಬೇಕಾದ ಕೆಲಸ ಮಾತ್ರ ತೀರಾ ಕಡಿಮೆ ಎಂದು ಅವರಲ್ಲೊಬ್ಬ ಗೊಣಗಿದ್ದ. ಮೇಲೆ ಥಳುಕು, ಒಳಗೆ ಹುಳುಕು. ಎಂಜಿನ್ ಆಯಿಲ್ ಬದಲಾಯಿಸುವುದನ್ನು ಯಾರು ನೋಡುತ್ತಾರೆ, ಅಲ್ವಾ?

ಯಾರೂ ನೋಡುವುದಿಲ್ಲ ಎನ್ನುವುದೂ ಸುಳ್ಳು. ‘ವೀಲರ್ ಡೀಲರ್ಸ್’ ಅನ್ನು ಜನ ನೋಡಿದ್ದೇ ಅದಕ್ಕೆ. ಮೈಕ್ ಬ್ರೂಯರ್ ಹಳೇ ಕಾರು ಚೌಕಾಸಿ ಮಾಡಿ ತರುತ್ತಿದ್ದ. ಆರಡಿ ಮೀರಿದ ಎಡ್ ಚೈನಾ ಕಿತ್ತಳೆ ಬಣ್ಣದ ಗ್ಲೌಸ್ ಹಾಕಿಕೊಂಡು, ಒಂದೊಂದೇ ನಟ್ಟು ಬಿಚ್ಚಿ, ಇದು ಯಾಕೆ ಕೆಟ್ಟಿದೆ, ಹೇಗೆ ಸರಿ ಮಾಡಬೇಕು ಎಂದು ತಣ್ಣಗೆ ವಿವರಿಸುತ್ತಿದ್ದ. ಕೂಗಾಟವಿಲ್ಲ, ಫೋನ್ ಎಸೆಯುವುದಿಲ್ಲ. ಕೊನೆಗೆ ಕಾರು ಮಾರಿ ಲಾಭದ ಲೆಕ್ಕ ತೋರಿಸುವಾಗ ಎಡ್‌ನ ಕೂಲಿ ಮಾತ್ರ ಅದರಲ್ಲಿ ಇರುತ್ತಿರಲಿಲ್ಲ. ದಿನಗಟ್ಟಲೆ ಕಾರಿನ ಕೆಳಗೆ ಮಲಗಿದ ಮನುಷ್ಯನ ಬೆವರಿಗೆ ಸೊನ್ನೆ ಬೆಲೆ ಹಾಕಿದರೆ ಯಾವ ವ್ಯಾಪಾರವೂ ಲಾಭದ್ದೇ. 2017ರಲ್ಲಿ ಎಡ್ ಕಾರ್ಯಕ್ರಮ ಬಿಟ್ಟ. ವರ್ಕ್‌ಶಾಪಿನ ಭಾಗ ಚಿತ್ರೀಕರಿಸುವುದು ಕಷ್ಟ, ಅದನ್ನು ಕಡಿಮೆ ಮಾಡೋಣ ಎಂದು ಚಾನೆಲ್‌ನವರು ಬಯಸಿದ್ದರು ಎಂದು ಅವನೇ ವೀಡಿಯೊ ಮಾಡಿ ತಿಳಿಸಿದ. ರಿಪೇರಿ ಕಾರ್ಯಕ್ರಮದಲ್ಲಿ ರಿಪೇರಿ ಜಾಸ್ತಿ ಆಯಿತು ಎಂಬ ದೂರು!

ಲಾರಿಗಳ ಪಾಡು ಇನ್ನೂ ಮಜಾ. ‘ಐಸ್ ರೋಡ್ ಟ್ರಕರ್ಸ್’ 2007ರಲ್ಲಿ ಹಿಸ್ಟರಿ ಚಾನೆಲ್‌ನಲ್ಲಿ ಬಂತು. ಹೆಸರು ಹಿಸ್ಟರಿ, ವಿಷಯ ಲಾರಿ. ಮೊದಲ ಸೀಸನ್ ನಡೆದದ್ದು ಕೆನಡಾದ ಯೆಲ್ಲೋನೈಫ್‌ನಿಂದ ಉತ್ತರದ ವಜ್ರದ ಗಣಿಗಳ ಕಡೆಗೆ, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹೋಗುವ ದಾರಿಯಲ್ಲಿ. ಚಳಿಗಾಲದ ಎರಡು ತಿಂಗಳು ಮಾತ್ರ ತೆರೆದಿರುವ ರಸ್ತೆ ಅದು. ಟಿವಿಯಲ್ಲಿ ನೋಡಿದರೆ ಲಾರಿ ಗುಂಡಿನ ಹಾಗೆ ನುಗ್ಗುತ್ತಿದೆ, ಕೆಳಗೆ ಮಂಜುಗಡ್ಡೆ ಲಟಲಟ ಎನ್ನುತ್ತಿದೆ, ನಿರೂಪಕ ಕಾಲನ ಕಡೆಯ ಮನುಷ್ಯನ ದನಿಯಲ್ಲಿ ಮಾತಾಡುತ್ತಿದ್ದಾನೆ. ಅಸಲಿ ವಿಷಯ ಏನೆಂದರೆ, ತುಂಬಿದ ಲಾರಿಗೆ ಆ ಮಂಜಿನ ಮೇಲೆ ವೇಗದ ಮಿತಿ ಗಂಟೆಗೆ 25 ಕಿಲೋಮೀಟರ್. ಗಟ್ಟಿ ಕಾಲಿನವರು ಸೈಕಲ್ಲಿನಲ್ಲಿ ಹಿಂದೆ ಹಾಕಬಹುದು.

ಆ ನಿಧಾನಕ್ಕೆ ಸೊಗಸಾದ ಕಾರಣವಿದೆ. ಭಾರದ ಲಾರಿ ಹೋದಾಗ ಮಂಜಿನ ಹಾಸು ಕೊಂಚ ಬಾಗುತ್ತದೆ, ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಲಾರಿಯ ವೇಗವೂ ಅಲೆಯ ವೇಗವೂ ಒಂದೇ ಆಗಿಬಿಟ್ಟರೆ ಅಲೆ ದೊಡ್ಡದಾಗುತ್ತಾ ಹೋಗುತ್ತದೆ. ದಡ ಹತ್ತಿರವಾದಂತೆ ಅದಕ್ಕೆ ಹೋಗಲು ಜಾಗವಿಲ್ಲದೆ ಮಂಜನ್ನು ಒಡೆಯಬಹುದು. ಅದಕ್ಕೇ ಅಲ್ಲಿನ ಡ್ರೈವರ್‌ಗಳು ಗಂಟೆಗಟ್ಟಲೆ ಅಷ್ಟು ತಾಳ್ಮೆಯಿಂದ ಓಡಿಸುತ್ತಾರೆ. ಕಾಣದ ಅಲೆಯ ಜೊತೆ ಲಾರಿ ಓಡಿಸುವುದಕ್ಕಿಂತ ರೋಚಕ ಕಥೆ ಬೇಕಾ? ಟಿವಿಗೆ ಬೇಡ. ಅದಕ್ಕೆ ಬೇಕಾದದ್ದು ಯಾರು ಹೆಚ್ಚು ಟ್ರಿಪ್ ಹೊಡೆದರು ಎಂಬ ಪಂದ್ಯ. ಸಾವಧಾನವೇ ಜೀವ ಉಳಿಸುವ ಜಾಗದಲ್ಲಿ ಅವಸರದ ಸ್ಪರ್ಧೆ ಇಟ್ಟು, ಆಮೇಲೆ ಅಯ್ಯೋ ಎಷ್ಟು ಅಪಾಯ ಎಂದು ಬಾಯಿ ಬಡಿದುಕೊಳ್ಳುವುದು.

2010ರಲ್ಲಿ ಇದರದ್ದೇ ಮರಿ ಕಾರ್ಯಕ್ರಮವೊಂದು ಹಿಮಾಲಯಕ್ಕೆ ಬಂತು, ಜಗತ್ತಿನ ಅತಿ ಮಾರಕ ರಸ್ತೆಗಳು ಎಂಬ ಹಣೆಪಟ್ಟಿಯೊಂದಿಗೆ. ಉತ್ತರ ಅಮೆರಿಕದ ಡ್ರೈವರ್‌ಗಳು ರೋಹ್ತಾಂಗ್ ಕಡೆಯ ತಿರುವುಗಳಲ್ಲಿ ಬೆವರಿದರು, ಬೈದರು, ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು. ಅದೇ ತಿರುವಿನಲ್ಲಿ ಎದುರಿನಿಂದ ಬರುತ್ತಿದ್ದ ಲಾರಿಯನ್ನೂ ಒಬ್ಬ ಮನುಷ್ಯನೇ ಓಡಿಸುತ್ತಿದ್ದ. ಅವನಿಗೆ ಅದು ಸುಮ್ನೆ ಒಂದು ಮಂಗಳವಾರ. ಮಾರಕ ರಸ್ತೆಯ ಕಥೆಯಲ್ಲಿ ಅವನ ಪಾತ್ರ ಎದುರಿಗೆ ಬರುವ ಅಡ್ಡಿ, ಅಷ್ಟೇ.

ಇವೆಲ್ಲ ನಿಜವೋ ನಾಟಕವೋ ಎಂಬ ಪ್ರಶ್ನೆ ಒಮ್ಮೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಬಿಬಿಸಿಯ ‘ಟಾಪ್ ಗೇರ್’ 2008ರಲ್ಲಿ ಟೆಸ್ಲಾ ರೋಡ್‌ಸ್ಟರ್ ಕಾರನ್ನು ಓಡಿಸಿ ತೋರಿಸಿತು. ತಮ್ಮ ಟ್ರ್ಯಾಕಿನಲ್ಲಿ 55 ಮೈಲಿಗೇ ಚಾರ್ಜ್ ಮುಗಿಯುತ್ತದೆ ಎಂದರು. ನಾಲ್ಕು ಜನ ಸೇರಿ ಕಾರನ್ನು ಶೆಡ್ಡಿಗೆ ತಳ್ಳುವ ದೃಶ್ಯವೂ ಬಂತು. ಕಾರಿನಲ್ಲಿ ಚಾರ್ಜ್ ಇತ್ತು ಎಂದು ಟೆಸ್ಲಾ 2011ರಲ್ಲಿ ಕೇಸು ಹಾಕಿತು. ಬಿಬಿಸಿ ಹೇಳಿದ್ದು ಏನು ಗೊತ್ತೇ? ಚಾರ್ಜ್ ಖಾಲಿಯಾಗಿತ್ತು ಎಂದು ನಾವು ಹೇಳಲೇ ಇಲ್ಲ, ಖಾಲಿಯಾದರೆ ಏನಾಗುತ್ತದೆ ಎಂದು ತೋರಿಸಿದೆವು. ಟ್ರ್ಯಾಕಿನ ಓಟವನ್ನು ಸಾಮಾನ್ಯ ರಸ್ತೆಯ ಓಟಕ್ಕೆ ಯಾವ ವಿವೇಕಿಯೂ ನೇರವಾಗಿ ಹೋಲಿಸುವುದಿಲ್ಲ ಎಂದರು ನ್ಯಾಯಾಧೀಶರು. ಟೆಸ್ಲಾ ಸೋತಿತು, 2013ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅದೇ ಹೊತ್ತಿಗೆ ಗಿನ್ನೆಸ್‌ನವರು ಟಾಪ್ ಗೇರ್ ಜಗತ್ತಿನಲ್ಲೇ ಹೆಚ್ಚು ಕಡೆ ನೋಡುವ ವಾಸ್ತವ ಆಧಾರಿತ ಕಾರ್ಯಕ್ರಮ ಎಂದು ದಾಖಲೆ ಕೊಟ್ಟಿದ್ದರು. ಗಿನ್ನೆಸ್ ಪುಸ್ತಕದಲ್ಲಿ ವಾಸ್ತವ, ಕೋರ್ಟಿನಲ್ಲಿ ವಿವೇಕಿಗಳ ಮೇಲೆ ಭಾರ!

ಮೂರು ಚಕ್ರದ ರಿಲಯಂಟ್ ರಾಬಿನ್ ಪ್ರತಿ ತಿರುವಿನಲ್ಲೂ ಮಗುಚಿಕೊಳ್ಳುವ 2010ರ ಎಪಿಸೋಡು ಇನ್ನೂ ಜನ ಹಂಚಿಕೊಂಡು ನಗುತ್ತಾರೆ. ಮಗುಚಲಿ ಎಂದೇ ಅದರ ಡಿಫರೆನ್ಷಿಯಲ್‌ನಲ್ಲಿ ಕೈಯಾಡಿಸಲು ಹೇಳಿದ್ದೆ ಎಂದು ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ 2016ರಲ್ಲಿ ಬರೆದುಕೊಂಡ. ಪಾಪದ ಕಾರು ಆರು ವರ್ಷ ಅಪವಾದ ಹೊತ್ತುಕೊಂಡಿತ್ತು. ಇದಕ್ಕೆ ನಗಬಹುದು. ಆದರೆ 2006ರಲ್ಲಿ ಜೆಟ್ ಕಾರು ಓಡಿಸುತ್ತಾ ಅದರ ಇನ್ನೊಬ್ಬ ನಿರೂಪಕ ರಿಚರ್ಡ್ ಹ್ಯಾಮಂಡ್ ಸಾವಿನ ಬಾಗಿಲು ತಟ್ಟಿ ಬಂದ. 2022ರ ಡಿಸೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ಫ್ಲಿಂಟಾಫ್ ಇದೇ ಕಾರ್ಯಕ್ರಮದ ಶೂಟಿಂಗ್ ನಡುವೆ ಮುಖಕ್ಕೆ ತೀವ್ರ ಗಾಯ ಮಾಡಿಕೊಂಡ. ಮರುವರ್ಷ ಬಿಬಿಸಿ ಕಾರ್ಯಕ್ರಮವನ್ನೇ ನಿಲ್ಲಿಸಿತು. ಆ ಎರಡರಲ್ಲಿ ನಾಟಕ ಇರಲಿಲ್ಲ.

ಇಷ್ಟು ದಿನ ಟಿವಿಯವರು ಕಾರನ್ನು ನಾಟಕ ಮಾಡಿದರು, ಸರಿ. ರೇಸು ಹಾಗಲ್ಲ, ಅದು ಆಟ ಎಂದುಕೊಂಡಿದ್ದೆವು. 2019ರಲ್ಲಿ ನೆಟ್‌ಫ್ಲಿಕ್ಸ್‌ನ ‘ಡ್ರೈವ್ ಟು ಸರ್ವೈವ್’ ಬಂತು. ಫಾರ್ಮುಲಾ ಒನ್‌ಗೆ ಹೊಸ ಅಭಿಮಾನಿಗಳ ಹೊಳೆಯೇ ಹರಿಯಿತು. ಅನ್ಯೋನ್ಯವಾಗಿರುವ ಇಬ್ಬರು ಡ್ರೈವರ್‌ಗಳ ನಡುವೆ ಎಡಿಟಿಂಗ್ ಮೇಜಿನ ಮೇಲೆ ಜಗಳ ಹಚ್ಚಿದರು. ಇಲ್ಲದ ವೈರಗಳನ್ನು ಹುಟ್ಟಿಸುತ್ತಾರೆ, ನಾನು ಬರುವುದಿಲ್ಲ ಎಂದು ಮ್ಯಾಕ್ಸ್ ವೆರ್ಸ್ಟಾಪೆನ್ 2021ರಲ್ಲಿ ಕೈ ಕೊಡವಿದ. ಆ ವರ್ಷದ ಚಾಂಪಿಯನ್ ಆದವನೂ ಅವನೇ. ಕುರುಕ್ಷೇತ್ರದ ಪ್ರಸಂಗಕ್ಕೆ ಅರ್ಜುನನೇ ಬಣ್ಣ ಹಚ್ಚಲು ಒಲ್ಲೆ ಎಂದಂತಾಯಿತು. ಭಾಗವತರಿಗೆ ತೊಂದರೆಯಾಗಲಿಲ್ಲ, ಉಳಿದವರನ್ನೇ ಹೆಚ್ಚು ಹೊತ್ತು ಕುಣಿಸಿದರು.

ನೆಟ್‌ಫ್ಲಿಕ್ಸ್ ಒಂದನ್ನೇ ಬೈದು ಪ್ರಯೋಜನವಿಲ್ಲ. ರೇಸಿನವರಿಗೆ ಈ ಚಟ ಅದಕ್ಕೂ ಮೊದಲೇ ಹತ್ತಿತ್ತು. ರೇಸು ಸಪ್ಪೆ ಎನಿಸಿದರೆ ಟ್ರ್ಯಾಕಿಗೆ ಕೃತಕ ಮಳೆ ಸುರಿಸೋಣ ಎಂದು ಆಗ ಫಾರ್ಮುಲಾ ಒನ್ ನಡೆಸುತ್ತಿದ್ದ ಬರ್ನಿ ಎಕ್ಲ್‌ಸ್ಟೋನ್ 2011ರಲ್ಲೇ ಸಲಹೆ ಕೊಟ್ಟಿದ್ದರು. 2014ರಲ್ಲಿ ಹೊಸ ಎಂಜಿನ್‌ಗಳ ಸದ್ದು ಸಾಲದು ಎಂಬ ದೂರು ಬಂದಾಗ ಮರ್ಸಿಡೀಸ್ ತಂಡ ಹೊಗೆ ಕೊಳವೆಯ ತುದಿಗೆ ತುತ್ತೂರಿಯಂಥ ಬಾಯಿ ಜೋಡಿಸಿ ಪರೀಕ್ಷೆಯನ್ನೂ ಮಾಡಿತು. 2016ರಲ್ಲಿ ಅರ್ಹತಾ ಸುತ್ತಿಗೂ ಗಡಿಯಾರ ಬಂತು: ತೊಂಬತ್ತು ಸೆಕೆಂಡಿಗೊಮ್ಮೆ ಒಬ್ಬ ಔಟ್. ಆಸ್ಟ್ರೇಲಿಯಾದಲ್ಲಿ ಕೊನೆಯ ನಿಮಿಷಗಳಲ್ಲಿ ಟ್ರ್ಯಾಕಿನಲ್ಲಿ ಕಾರೇ ಇರಲಿಲ್ಲ, ಗಡಿಯಾರ ಒಂದೇ ಓಡುತ್ತಿತ್ತು. ಎರಡು ರೇಸಿಗೇ ಆ ನಿಯಮ ಗಂಟುಮೂಟೆ ಕಟ್ಟಿತು. ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ಅಂತೂ ಅಭಿಮಾನಿಗಳ ವೋಟು ಎಣಿಸಿ, ಗೆದ್ದ ಡ್ರೈವರ್‌ಗಳಿಗೆ ಕೆಲವು ಸೆಕೆಂಡು ಹೆಚ್ಚುವರಿ ಶಕ್ತಿ ಕೊಡುತ್ತಿತ್ತು. ಜನಪ್ರಿಯನಿಗೆ ಜಾಸ್ತಿ ಪವರ್. ರಾಜಕೀಯದಲ್ಲಿ ಮಾತ್ರ ಇದ್ದ ಸೌಲಭ್ಯ ಅದು.

2021ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಬರ್ನಿ ಬಯಸಿದ್ದ ಮಳೆ ಅಸಲಿಯಾಗಿಯೇ ಬಂತು, ಧಾರಾಳವಾಗಿ ಬಂತು. 44 ಸುತ್ತಿನ ರೇಸು. ಜನ ಗಂಟೆಗಟ್ಟಲೆ ನೆನೆಯುತ್ತಾ ಕೂತರು. ಕೊನೆಗೆ ವೇಗ ತಗ್ಗಿಸಲು ಮುಂದೆ ಬಿಡುವ ಸೇಫ್ಟಿ ಕಾರಿನ ಹಿಂದೆ ಎಲ್ಲರೂ ಮೆರವಣಿಗೆ ಹೋಗಿ ಬಂದರು, ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಒಂದು ಸುತ್ತಿನ ಫಲಿತಾಂಶವನ್ನೇ ಹಿಡಿದು ಅರ್ಧ ಅಂಕ ಹಂಚಿದರು. ವೇದಿಕೆಯೂ ಆಯಿತು, ಟ್ರೋಫಿಯೂ ಆಯಿತು. ನಡೆಯದ ರೇಸನ್ನು ಗೆದ್ದವನು ಕೈ ಎತ್ತಿ ಸಂಭ್ರಮಿಸಬೇಕಾಗಿ ಬಂದದ್ದು ಎಂಥ ಕಷ್ಟ ನೋಡಿ.

ಆ ಅರ್ಧ ಅಂಕವನ್ನು ಹೊತ್ತುಕೊಂಡೇ ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್ ಮತ್ತು ವೆರ್ಸ್ಟಾಪೆನ್ ಸಮಸಮ 369.5 ಅಂಕದೊಂದಿಗೆ ಸೀಸನ್ನಿನ ಕೊನೆಯ ರೇಸಿಗೆ ಅಬುಧಾಬಿಗೆ ಬಂದರು. ಮುಗಿಯುವ ಹೊತ್ತಿಗೆ ಸೇಫ್ಟಿ ಕಾರು ಬಂತು. ಸುತ್ತು ಹಿಂದಿದ್ದ ಕಾರುಗಳ ಪೈಕಿ ಇವರಿಬ್ಬರ ನಡುವಿದ್ದ ಐದನ್ನು ಮಾತ್ರ ಮುಂದೆ ಬಿಟ್ಟು, ಒಂದೇ ಒಂದು ಸುತ್ತಿನ ರೇಸು ನಡೆಸಿದರು. ಹಳೇ ಟೈರಿನ ಹ್ಯಾಮಿಲ್ಟನ್ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮರುವರ್ಷ ರೇಸಿನ ಆಡಳಿತ ಮಂಡಳಿ ಎಫ್‌ಐಎಯ ವರದಿ, ಉಳಿದ ಕಾರುಗಳನ್ನು ಬಿಡದಿದ್ದದ್ದು ಒಳ್ಳೆಯ ಉದ್ದೇಶದಿಂದಲೇ ಆದ ಮಾನವ ಸಹಜ ತಪ್ಪು ಎಂದಿತು. ಒಂದು ಸೀಸನ್ ಅನ್ನು ಇದಕ್ಕಿಂತ ಚೆನ್ನಾಗಿ ಮುಗಿಸಲು ಯಾವ ಸಂಭಾಷಣೆಕಾರನಿಂದಲೂ ಆಗದು. ಹಿಂದೆ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ 2011ರಿಂದ ಮೂರು ವರ್ಷ ಫಾರ್ಮುಲಾ ಒನ್ ನಡೆದಾಗ, ಇದು ಕ್ರೀಡೆಯಲ್ಲ, ಮನರಂಜನೆ ಎಂದು ಉತ್ತರ ಪ್ರದೇಶ ಸರ್ಕಾರ ತೆರಿಗೆಯ ತಕರಾರು ತೆಗೆದಿತ್ತು. ಆಗ ಎಲ್ಲರೂ ನಕ್ಕರು. ತೆರಿಗೆ ಇಲಾಖೆಯವರಿಗೆ ಹತ್ತು ವರ್ಷ ಮೊದಲೇ ಎಲ್ಲ ಗೊತ್ತಾಗಿತ್ತು.

ಇನ್ನು 2023ರ ನವೆಂಬರ್, ಲಾಸ್ ವೇಗಸ್. ಹೋಟೆಲುಗಳ ನಡುವೆ, ರಾತ್ರಿ ಹೊತ್ತು, ಬಣ್ಣ ಬಣ್ಣದ ದೀಪಗಳ ಕೆಳಗೆ ರೇಸು. ಮೊದಲ ಅಭ್ಯಾಸ ಶುರುವಾಗಿ ಎಂಟು ನಿಮಿಷಕ್ಕೆ ನಿಂತುಹೋಯಿತು. ರಸ್ತೆಯಲ್ಲಿದ್ದ ನೀರಿನ ವಾಲ್ವಿನ ಮುಚ್ಚಳ ಎದ್ದು ಕಾರ್ಲೋಸ್ ಸೈನ್ಜ್‌ನ ಫೆರಾರಿಯ ಹೊಟ್ಟೆ ಸೀಳಿತ್ತು. ಎಲ್ಲ ಮುಚ್ಚಳ ಪರೀಕ್ಷಿಸಿ ಮತ್ತೆ ಶುರು ಮಾಡುವಾಗ ರಾತ್ರಿ ಎರಡೂವರೆ. ಅಷ್ಟರೊಳಗೆ ಟಿಕೆಟ್ ತೆಗೆದು ಬಂದಿದ್ದ ಪ್ರೇಕ್ಷಕರನ್ನು ಮನೆಗೆ ಕಳಿಸಿದ್ದರು. ಖಾಲಿ ಸ್ಟ್ಯಾಂಡಿನ ಮುಂದೆ ಕಾರುಗಳು ಓಡಿದವು, ಕ್ಯಾಮೆರಾ ಇತ್ತಲ್ಲ, ಸಾಕು. ಇತ್ತ ಹಾಳಾದ ಬ್ಯಾಟರಿ ಬದಲಾಯಿಸಿದ ತಪ್ಪಿಗೆ ಸೈನ್ಜ್‌ಗೆ ಹತ್ತು ಸ್ಥಾನ ಹಿಂದೆ ನಿಲ್ಲುವ ಶಿಕ್ಷೆ. ನಮಗೆ ಅಧಿಕಾರವಿದ್ದಿದ್ದರೆ ವಿನಾಯಿತಿ ಕೊಡುತ್ತಿದ್ದೆವು ಎಂದು ತೀರ್ಪುಗಾರರೇ ಬರೆದರು. ಮುಚ್ಚಳದ ಮೇಲೆ ಯಾವ ಕ್ರಮವೂ ಇಲ್ಲ. ಈ ಇಡೀ ಪ್ರದರ್ಶನದಲ್ಲಿ ಸ್ಕ್ರಿಪ್ಟ್ ಓದದೆ ಬಂದ ಪಾತ್ರ ಅದೊಂದೇ. ಅದಕ್ಕೂ ಒಂದು ಕುರ್ಚಿ ಹಾಕಿ, ಮುಖಕ್ಕೆ ಲೈಟ್ ಬಿಟ್ಟು, ಆ ಕ್ಷಣ ನಿಮಗೆ ಏನನಿಸಿತು ಎಂದು ಕೇಳುವುದಷ್ಟೇ ಬಾಕಿ. ಉತ್ತರ, ಬ್ರೇಕ್ ನಂತರ.