ಅಪ್ಪ ಹಿಡಿದುಕೊಳ್ಳುತ್ತಿದ್ದ ಟವೆಲ್ ರಾಡ್

ಅಪ್ಪ ಸ್ನಾನವನ್ನು ಮುಂದೂಡಲು ಶುರು ಮಾಡಿದಾಗ ನಮಗೆ ಕಾರಣ ಹೊಳೆಯಲೇ ಇಲ್ಲ. ವಯಸ್ಸಾಯಿತು, ಸ್ವಲ್ಪ ಸೋಮಾರಿತನ ಬಂದಿದೆ ಅಂದುಕೊಂಡೆವು. ನಾನಂತೂ ಒಂದೆರಡು ಸಲ ಗದರಿದ್ದೂ ಉಂಟು. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದು ದಿನ ಬಾತ್‌ರೂಮಿನ ಟವೆಲ್ ರಾಡ್ ಗೋಡೆಯಿಂದ ಕಿತ್ತು ಅವರ ಕೈಗೆ ಬಂತು. ಪುಣ್ಯಕ್ಕೆ ಬೀಳಲಿಲ್ಲ, ಬಾಗಿಲಿಗೆ ಒರಗಿ ನಿಂತುಬಿಟ್ಟರು. ಆಗ ಬಾಯಿ ಬಿಟ್ಟರು. "ಎಷ್ಟೋ ತಿಂಗಳಿಂದ ಅದನ್ನೇ ಹಿಡ್ಕೊಂಡು ಆ ಮೆಟ್ಟಿಲು ಇಳೀತಿದ್ದೆ ಕಣಮ್ಮಾ. ಹೇಳಿದ್ರೆ ನೀವೆಲ್ಲ ಗಾಬರಿ ಆಗ್ತೀರಿ ಅಂತ ಸುಮ್ನಿದ್ದೆ."

ಸೋಮಾರಿತನ ಅಲ್ಲ, ಭಯ. ದಿನಾ ಬೆಳಗ್ಗೆ ಒಬ್ಬರೇ ಅನುಭವಿಸುತ್ತಿದ್ದ ಭಯ.

ಆಮೇಲೆ ಮಾಡಿಸಿದ ಕೆಲಸ ಒಂದೇ ದಿನದ್ದು. ಟೈಲ್ಸ್ ಹಿಂದಿನ ಗಟ್ಟಿ ಗೋಡೆಯವರೆಗೂ ಹೋಗುವ ಉದ್ದದ ಸ್ಕ್ರೂ ಹಾಕಿ ಎರಡು ಹಿಡಿಕಂಬಿ ಕೂರಿಸಿದರು. ಕಾಲು ಜಾರದಂಥ ನೆಲ ಹಾಕಿದರು. ಮಂಚದಿಂದ ಬಾತ್‌ರೂಮಿನವರೆಗೆ ರಾತ್ರಿ ಉರಿಯುವ ಸಣ್ಣ ದೀಪಗಳು ಬಂದವು. ಬಾಗಿಲನ್ನು ಹೊರಗಡೆ ತೆರೆಯುವ ಹಾಗೆ ತಿರುಗಿಸಿದರು. ಈ ಬಾಗಿಲಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಳಗೆ ತೆರೆಯುವ ಬಾಗಿಲಿದ್ದು, ಒಳಗಿದ್ದವರು ಅದಕ್ಕೆ ಅಡ್ಡವಾಗಿ ಬಿದ್ದರೆ ಹೊರಗಿನವರು ತಳ್ಳಿ ತೆಗೆಯೋದು ಹೇಗೆ? ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಒಮ್ಮೆ ನೋಡಿ.

ಹಿರಿಯರಿರುವ ಮನೆಗಳಲ್ಲಿ ಇಂಥ ಕೆಲಸಕ್ಕೆ ಸರ್ಕಾರ ನೆರವು ಕೊಡಬೇಕು ಅನ್ನೋದು ನನ್ನ ಮಾತು. ಇಷ್ಟು ಸಣ್ಣ ಕೆಲಸಕ್ಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅಂತ ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಈ ಅಪಾಯ ಎಲ್ಲರಿಗಿಂತ ಜಾಸ್ತಿ ಇರುವುದು 60 ದಾಟಿದವರಿಗೆ. ನ್ಯೂಜಿಲೆಂಡಿನಲ್ಲಿ ನೂರಾರು ಮನೆಗಳಿಗೆ ಮೆಟ್ಟಿಲ ಪಕ್ಕದ ಹಿಡಿಕಂಬಿ, ಬಾತ್‌ರೂಮಿನ ಹಿಡಿಕಂಬಿ, ಹೊರಗಿನ ದೀಪ, ಜಾರದ ನೆಲ ಇಂಥವನ್ನೇ ಹಾಕಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮನೆಯಲ್ಲಿ ಬಿದ್ದು ಗಾಯವಾಗಿ ಚಿಕಿತ್ಸೆಗೆ ಹೋಗುವುದು ಶೇ 26ರಷ್ಟು ಕಡಿಮೆಯಾಗಿತ್ತು. ಸೊಂಟದ ಮೂಳೆ ಮುರಿದರೆ ಆಪರೇಷನ್, ತಿಂಗಳುಗಟ್ಟಲೆ ಹಾಸಿಗೆ, ನೋಡಿಕೊಳ್ಳಲು ಒಬ್ಬರು. ಆ ಖರ್ಚು ಒಂದಲ್ಲ ಒಂದು ದಾರಿಯಲ್ಲಿ ಸರ್ಕಾರದ ಮೇಲೂ ಬೀಳುತ್ತದೆ. ಹಾಗಿರುವಾಗ ಕಂಬಿಗೆ ಕೊಡೋದು ದಾನ ಹೇಗಾಗುತ್ತದೆ?

ಕೆಲವು ದೇಶಗಳು ಇದನ್ನು ಅರ್ಥ ಮಾಡಿಕೊಂಡಿವೆ. ಜಪಾನಿನಲ್ಲಿ ಆರೈಕೆ ವಿಮೆಯ (ದಿನನಿತ್ಯದ ಆರೈಕೆಯ ಖರ್ಚಿಗಾಗಿ ಇರುವ ವಿಮೆ) ಅಡಿ, ಆರೈಕೆ ಬೇಕೆಂದು ಗುರುತಿಸಲಾದವರಿಗೆ 2 ಲಕ್ಷ ಯೆನ್‌ವರೆಗಿನ ಮನೆ ಮಾರ್ಪಾಡಿನ ಕೆಲಸಕ್ಕೆ ನೆರವಿದೆ. ಆದಾಯ ನೋಡಿ ಖರ್ಚಿನ ಶೇ 70ರಿಂದ 90 ವಾಪಸ್ ಬರುತ್ತದೆ. ಯಾವ ಕೆಲಸ ಅಂತಲೂ ಬಿಡಿಸಿ ಹೇಳಿದ್ದಾರೆ: ಹಿಡಿಕಂಬಿ, ಎತ್ತರ ತಗ್ಗು ಸರಿ ಮಾಡುವುದು, ಜಾರುವ ನೆಲ ಬದಲಿಸುವುದು, ಸರಿಯುವ ಬಾಗಿಲು, ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ ತೆಗೆದು ಕಮೋಡ್ ಹಾಕುವುದು. ಜರ್ಮನಿಯಲ್ಲಿ ಆರೈಕೆ ವಿಮೆಯಿಂದ 2025ರಿಂದ 4,180 ಯೂರೋವರೆಗೆ ಸಿಗುತ್ತದೆ. ಫ್ರಾನ್ಸ್ 2024ರಲ್ಲಿ ಇದಕ್ಕಾಗಿಯೇ ಒಂದು ಯೋಜನೆ ಶುರು ಮಾಡಿ, ಆದಾಯ ಕಡಿಮೆ ಇರುವವರಿಗೆ ಖರ್ಚಿನ ಅರ್ಧ ಅಥವಾ ಶೇ 70 ಕೊಡುತ್ತಿದೆ.

ಆದರೂ ಇಂಥ ಅನುದಾನಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಸಿಟ್ಟು ಬಂದ ಜಾಗಗಳಿವೆ. ಜಪಾನಿನಲ್ಲಿ ಮಾಮೂಲಿ ಕ್ರಮದಲ್ಲಿ ಪೂರ್ತಿ ದುಡ್ಡು ಮೊದಲು ನಾವೇ ಕೊಡಬೇಕು, ಆಮೇಲೆ ವಾಪಸ್. ಪಿಂಚಣಿಯಲ್ಲೇ ತಿಂಗಳು ದೂಡುವ ಅಜ್ಜಿ ಆ ಮೊತ್ತ ಎಲ್ಲಿಂದ ತರಬೇಕು? ಅನುದಾನ ಯಾರಿಗೆ ತುಂಬಾ ಬೇಕೋ ಅವರೇ ಬಾಗಿಲಲ್ಲಿ ನಿಂತುಬಿಡುತ್ತಾರೆ. ಅಲ್ಲಿಯ ಕೆಲವು ಊರಾಡಳಿತಗಳು ಅಜ್ಜಿಯಿಂದ ಅವರ ಪಾಲನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ನೇರವಾಗಿ ಕೆಲಸದವರಿಗೇ ಕೊಡುತ್ತವೆ. ಎಲ್ಲ ಕಡೆ ಹಾಗೇ ಆಗಬೇಕು.

ಅಮೆರಿಕದಲ್ಲಿ ಹಳ್ಳಿಗಾಡಿನ ಬಡ ಹಿರಿಯರಿಗೆ, 62 ದಾಟಿದವರಿಗೆ, ಮನೆ ರಿಪೇರಿಗೆ 10,000 ಡಾಲರ್‌ವರೆಗೆ ಅನುದಾನವಿದೆ. ಒಳ್ಳೆಯದೇ. ಆದರೆ ಮನೆ ಸ್ವಂತದ್ದಾಗಿರಬೇಕು. ಬಾಡಿಗೆ ಮನೆಯಲ್ಲಿರುವ ಮುದುಕರ ಕಾಲು ಜಾರುವುದಿಲ್ಲವೇ? ಮಾಲೀಕರನ್ನು ಕೇಳಿದರೆ "ಟೈಲ್ಸ್ ಒಡೆಯುತ್ತೆ, ಬೇಡ" ಅನ್ನುತ್ತಾರೆ. ಇಂಗ್ಲೆಂಡಿನ ಅನುದಾನ ಬಾಡಿಗೆದಾರರಿಗೂ ಇದೆ, ಗರಿಷ್ಠ 30,000 ಪೌಂಡ್. ಅದರಲ್ಲಿ ಅರ್ಜಿಗೆ ಉತ್ತರ ಕೊಡಲು 6 ತಿಂಗಳವರೆಗೆ ಸಮಯವಿದೆ. ಎಂಬತ್ತು ದಾಟಿದವರ ಬಾಳಿನಲ್ಲಿ ಆರು ತಿಂಗಳು ಅಂದರೆ ಎಷ್ಟು, ಸ್ವಲ್ಪ ಯೋಚಿಸಿ.

ಅದೇ ಇಂಗ್ಲೆಂಡಿನಲ್ಲಿ ಇನ್ನೊಂದು ನಿಯಮವಿದೆ, ನನಗೆ ತುಂಬಾ ಇಷ್ಟವಾದದ್ದು. ಅಗತ್ಯವಿದೆ ಎಂದು ಕಂಡುಬಂದರೆ 1,000 ಪೌಂಡ್ ಒಳಗಿನ ಸಣ್ಣ ಮಾರ್ಪಾಡುಗಳಿಗೆ ಆಡಳಿತದವರು ಹಿರಿಯರಿಂದ ಹಣ ಕೇಳುವ ಹಾಗೇ ಇಲ್ಲ. ಆದಾಯದ ಲೆಕ್ಕವೂ ಬೇಡ. ನಾನು ಹೇಳಬೇಕಾದದ್ದು ಇದೇ. ಲಿಫ್ಟಿಗೆ, ಇಡೀ ಬಾತ್‌ರೂಮ್ ಒಡೆದು ಕಟ್ಟುವುದಕ್ಕೆ ಕಾಗದಪತ್ರ ಕೇಳಿ, ತಪ್ಪಿಲ್ಲ. ಒಂದು ಕಂಬಿ, ಒಂದು ದೀಪ, ಹೊಸ್ತಿಲ ಮೇಲೊಂದು ಸಣ್ಣ ಇಳಿಜಾರು, ಇವಕ್ಕೆ ಬಿದ್ದ ಪುರಾವೆ ಕೇಳಬೇಡಿ. ಡಾಕ್ಟರ ಚೀಟಿ, ಎಕ್ಸ್‌ರೇ ಬರುವ ಹೊತ್ತಿಗೆ ಕೆಲಸ ಕೆಟ್ಟಾಗಿರುತ್ತದೆ. ನಮ್ಮಪ್ಪನ ಹತ್ತಿರ ಯಾವ ಪುರಾವೆಯೂ ಇರಲಿಲ್ಲ. ಇದ್ದದ್ದು ಒಂದು ಸಡಿಲವಾದ ಟವೆಲ್ ರಾಡ್.

ಇನ್ನೊಂದು ಮಾತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ರೂಪಿಸಿದ ಒಂದು ಕಾರ್ಯಕ್ರಮದಲ್ಲಿ ಮೂರು ಜನ ಮನೆಗೆ ಬರುತ್ತಾರೆ: ನರ್ಸ್, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರು), ರಿಪೇರಿ ಮಾಡುವವರು. ಅವರು ಪಟ್ಟಿ ಹಿಡಿದು ಬರುವುದಿಲ್ಲ. ನಿಮಗೆ ಏನು ಮಾಡಲು ಆಗಬೇಕು ಅಂತ ಹಿರಿಯರನ್ನೇ ಕೇಳಿ ಅಲ್ಲಿಂದ ಶುರು ಮಾಡುತ್ತಾರೆ. ಅದನ್ನು ಓದಿದ ಮೇಲೆ ನಾನೂ ಅಪ್ಪನನ್ನು ಕೇಳಿದೆ, ಇನ್ನೇನು ಬೇಕು ಅಂತ. ಬಾತ್‌ರೂಮಿನ ಬಗ್ಗೆ ಏನೋ ಹೇಳುತ್ತಾರೆ ಅಂದುಕೊಂಡಿದ್ದೆ.

"ಮುಂಬಾಗಿಲ ಹತ್ರ ಕೂತು ಚಪ್ಪಲಿ ಹಾಕ್ಕೊಳ್ಳೋಕೆ ಒಂದು ಜಾಗ ಮಾಡಿಕೊಡು. ಹೊರಗೆ ಹೋಗಿ ಎಷ್ಟು ದಿನ ಆಯ್ತು ಗೊತ್ತಾ?" ಅಂದರು.